ರೋಲೆಕ್ಸ್‌ಗೆ ಕಾಯುವುದೋ, ಟ್ಯೂಡರ್ ಕಟ್ಟಿಕೊಂಡು ಬರುವುದೋ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ವರ್ಷ ನನಗೆ ಐವತ್ತು ತುಂಬುತ್ತದೆ. ಆ ಹೊತ್ತಿಗೆಂದೇ ಕೆಲವು ವರ್ಷಗಳಿಂದ ಬೇರೆಯಾಗಿ ತೆಗೆದಿಟ್ಟ ಹಣದಲ್ಲಿ ಒಂದು ಒಳ್ಳೆಯ ಕೈಗಡಿಯಾರ ಕೊಳ್ಳಬೇಕೆಂದಿದ್ದೇನೆ. ನಾನು ಕೊಳ್ಳುವ ಮೊದಲನೆಯ ದುಬಾರಿ ಗಡಿಯಾರ ಇದು. ಕೊನೆಯದೂ ಇದೇ ಆಗಲಿ ಎಂದು ಮನೆಯವರ ಆಶಯ. ಇದುವರೆಗೆ ನನ್ನ ಕೈಯಲ್ಲಿ ಇದ್ದದ್ದು ತಂದೆಯವರ ಎಚ್‌ಎಂಟಿ ಜನತಾ. ಬೆಳಿಗ್ಗೆ ಕಾಫಿಗೆ ಮುಂಚೆ ಚಾವಿ ಕೊಡುವ ಅಭ್ಯಾಸ ಅವರಿಂದ ನನಗೆ ಬಂದದ್ದು. ಆ ಗಡಿಯಾರ ಈಗ ದಿನಕ್ಕೆ ನಾಲ್ಕೈದು ನಿಮಿಷ ಹಿಂದೆ ಬೀಳುತ್ತಿರುವುದರಿಂದ ಅದಕ್ಕೆ ವಿಶ್ರಾಂತಿ ಕೊಡುವ ಕಾಲ ಬಂದಿದೆ.

ಓದಿ ಓದಿ, ಚಿತ್ರ ನೋಡಿ ನೋಡಿ, ಕೊನೆಗೆ ಎರಡು ಗಡಿಯಾರಗಳ ನಡುವೆ ನಿಂತಿದ್ದೇನೆ. ಒಂದು ರೋಲೆಕ್ಸ್‌ನ ಮುಳುಗುಗಾರರ ಗಡಿಯಾರ ಸಬ್‌ಮರೀನರ್, ತಾರೀಖು ಇಲ್ಲದ್ದು. ಇನ್ನೊಂದು ಅದರ ಸೋದರ ಕಂಪನಿಯಾದ ಟ್ಯೂಡರ್‌ನ ಬ್ಲ್ಯಾಕ್ ಬೇ ಫಿಫ್ಟಿ ಎಯ್ಟ್. ಎರಡನೆಯದರ ಬೆಲೆ ಮೊದಲನೆಯದರ ಅರ್ಧದ ಆಸುಪಾಸಿನಲ್ಲಿದೆ. ಕಳೆದ ತಿಂಗಳು ಬೆಂಗಳೂರಿಗೆ ಹೋಗಿದ್ದಾಗ ಒಂದು ಅಧಿಕೃತ ಮಳಿಗೆಗೆ ಹೋಗಿದ್ದೆ. ಸಬ್‌ಮರೀನರ್ ಗಾಜಿನ ಒಳಗಿತ್ತು, ಆದರೆ ಅದರ ಪಕ್ಕದಲ್ಲಿ ‘ಪ್ರದರ್ಶನಕ್ಕೆ ಮಾತ್ರ’ ಎಂಬ ಚೀಟಿಯಿತ್ತು. ಕೊಳ್ಳಬೇಕಾದರೆ ಹೆಸರು ಬರೆಸಬೇಕು, ಯಾವಾಗ ಬರುತ್ತದೆ ಎಂದು ಹೇಳಲಾಗುವುದಿಲ್ಲ ಎಂದರು. ಟ್ಯೂಡರ್‌ಗೆ ಅಂಥ ಕಟ್ಟಳೆ ಏನೂ ಇರಲಿಲ್ಲ. ಕೂರಿಸಿ, ನೀರು ಕೊಟ್ಟು, ಕೈಗೆ ಕಟ್ಟಿ ತೋರಿಸಿದರು. ನಿಜ ಹೇಳಬೇಕೆಂದರೆ ಕೈಯಿಂದ ಬಿಚ್ಚಿ ಕೊಡುವಾಗ ಮನಸ್ಸಿಗೆ ಸ್ವಲ್ಪ ಕಷ್ಟವೇ ಆಯಿತು.

ನನ್ನ ಗೊಂದಲ ಇಷ್ಟು. ಬೆಲೆ ಅರ್ಧ ಎಂದರೆ ಕೆಲಸವೂ ಅರ್ಧವೇ, ಅಥವಾ ವ್ಯತ್ಯಾಸದ ಹಣವೆಲ್ಲ ಹೆಸರಿಗೇ ಹೋಗುತ್ತದೆಯೇ? ಟ್ಯೂಡರ್ ಎಂದರೆ ರೋಲೆಕ್ಸ್ ಕೊಳ್ಳಲಾಗದವನ ವಾಚು ಎಂದು ಕಚೇರಿಯ ಸಹೋದ್ಯೋಗಿಯೊಬ್ಬರು ಹೇಳಿದರು. ಆ ಮಾತಿನಲ್ಲಿ ಎಷ್ಟು ನಿಜವಿದೆ? ಮಗಳಿಗೆ ಕೊಟ್ಟುಹೋಗುವ ವಸ್ತು ಎಂದುಕೊಂಡರೆ ಇವೆರಡರಲ್ಲಿ ಯಾವುದು ಬಾಳುತ್ತದೆ? ಎರಡನ್ನೂ ಹತ್ತಿರದಿಂದ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಮೂರನೆಯ ಮುಳ್ಳು

ತುಂಗಾತೀರ ಅವರೇ, ನಾನು ಮೈಸೂರಿನಲ್ಲಿ ಗಡಿಯಾರ ರಿಪೇರಿ ಮಾಡುವವನು. ತಂದೆಯವರ ಕಾಲದಿಂದ ಇರುವ ಸಣ್ಣ ಅಂಗಡಿ ನಮ್ಮದು. ಮೊದಲು ಆ ಸಹೋದ್ಯೋಗಿಯ ಮಾತಿಗೆ ಉತ್ತರ ಹೇಳಿ ಆಮೇಲೆ ಯಂತ್ರದ ವಿಷಯಕ್ಕೆ ಬರುತ್ತೇನೆ.

ಅವರು ಹೇಳಿದ್ದು ಒಂದು ಕಾಲಕ್ಕೆ ನಿಜವೇ ಆಗಿತ್ತು, ಅದನ್ನು ಹಾಗೆಂದು ಹೇಳಿದವರೂ ಸ್ವತಃ ರೋಲೆಕ್ಸ್‌ನ ಸ್ಥಾಪಕರೇ. ಬವೇರಿಯಾದ ಕುಲ್ಮ್‌ಬಾಖ್‌ನಲ್ಲಿ ಹುಟ್ಟಿದ ಹಾನ್ಸ್ ವಿಲ್ಸ್‌ಡಾರ್ಫ್ 1905ರಲ್ಲಿ ಲಂಡನ್ನಿನಲ್ಲಿ ವ್ಯಾಪಾರ ಆರಂಭಿಸಿ, 1908ರಲ್ಲಿ ರೋಲೆಕ್ಸ್ ಎಂಬ ಹೆಸರನ್ನು ನೋಂದಾಯಿಸಿ, ಮೊದಲ ಮಹಾಯುದ್ಧದ ನಂತರ ಜಿನೀವಾಕ್ಕೆ ಬಂದು ನೆಲೆಸಿದವರು. ನೀರು ಒಳಗಿಳಿಯದ ಆಯ್ಸ್ಟರ್ ಕೇಸು (ಗಡಿಯಾರದ ಹೊರಕವಚ) ಬಂದ 1926ರಲ್ಲಿಯೇ ‘ಟ್ಯೂಡರ್’ ಎಂಬ ಹೆಸರೂ ಅವರ ಪರವಾಗಿ ನೋಂದಣಿಯಾಯಿತು. ಪ್ರತ್ಯೇಕ ಕಂಪನಿಯಾಗಿ ಅದು ನಿಂತದ್ದು 1946ರಲ್ಲಿ. ತಮ್ಮ ವಿತರಕರು ರೋಲೆಕ್ಸ್‌ಗಿಂತ ಕಡಿಮೆ ಬೆಲೆಗೆ ಮಾರಬಹುದಾದ, ಆದರೆ ನಂಬಿಕೆಯ ಮಟ್ಟದಲ್ಲಿ ಅದಕ್ಕೆ ಸಮನಾದ ಗಡಿಯಾರವೊಂದು ಬೇಕು ಎಂಬುದು ಅವರ ಉದ್ದೇಶವಾಗಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಎರಡು ಕಂಪನಿಗಳ ಒಡೆತನವೂ ಇಂದಿಗೂ ಅವರ ಹೆಸರಿನ ಪ್ರತಿಷ್ಠಾನದ್ದೇ. ಆದ್ದರಿಂದ ಇವು ಅಣ್ಣತಮ್ಮಂದಿರು ಎನ್ನುವುದು ಜಾಹೀರಾತಿನ ಮಾತಲ್ಲ, ಒಂದೇ ಮನೆಯ ಲೆಕ್ಕ.

ಆ ಕಾಲದ ಟ್ಯೂಡರ್ ಹೇಗಿತ್ತು ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಗಲ್ಫ್‌ನಿಂದ ಮರಳಿದ ಹಿರಿಯರೊಬ್ಬರು ಸಿಟ್ಟಿನಿಂದಲೇ ಅಂಗಡಿಗೆ ಬಂದು ಒಂದು ಟ್ಯೂಡರ್ ಪ್ರಿನ್ಸ್ ಆಯ್ಸ್ಟರ್‌ಡೇಟ್ ಅನ್ನು ಮೇಜಿನ ಮೇಲಿಟ್ಟರು. ಮುಂದೆ ಒಂದು ಹೆಸರು, ಹಿಂದೆ ಇನ್ನೊಂದು ಹೆಸರು ಇದೆ, ನಕಲಿ ಕೊಟ್ಟು ಮೋಸ ಮಾಡಿದ್ದಾರೆ ಎಂಬುದು ಅವರ ದೂರು. ಕಣ್ಣಿಗೆ ಲೂಪ್ ಹಾಕಿಕೊಂಡು ನೋಡಿದೆ. ಹಿಂಬದಿಯ ಮುಚ್ಚಳದ ಮೇಲೆ ‘ಒರಿಜಿನಲ್ ಆಯ್ಸ್ಟರ್ ಕೇಸ್ ಬೈ ರೋಲೆಕ್ಸ್ ಜಿನೀವಾ’ ಎಂದು ಕೊರೆದಿತ್ತು. ಚಾವಿಯ ಗುಂಡಿಯ ಮೇಲೆ, ಇಪ್ಪತ್ತು ವರ್ಷದ ಬೆವರಿನ ಜಿಗುಟಿನ ಅಡಿಯಲ್ಲಿ, ರೋಲೆಕ್ಸ್‌ನ ಪುಟ್ಟ ಕಿರೀಟವಿತ್ತು. ಡಯಲ್ ಮೇಲೆ ಮಾತ್ರ ಟ್ಯೂಡರ್‌ನ ಗುರಾಣಿ. ಮುಚ್ಚಳ ತೆಗೆದರೆ ಒಳಗೆ ಇಟಿಎ ಎಂಬ ಹೊರಗಿನ ಕಂಪನಿಯ ಯಂತ್ರ. ಎಲ್ಲವೂ ಅಸಲಿ! ಆ ದಿನಗಳಲ್ಲಿ ಟ್ಯೂಡರ್‌ಗೆ ಕೇಸು, ಗುಂಡಿ, ಚೈನು ರೋಲೆಕ್ಸ್‌ನಿಂದ ಬರುತ್ತಿದ್ದವು. ಹೃದಯವನ್ನು ಮಾತ್ರ ಹೊರಗಿನಿಂದ ಕೊಂಡು ಹಾಕುತ್ತಿದ್ದರು. ಬೆಲೆ ಇಳಿಯುತ್ತಿದ್ದದ್ದೇ ಅಲ್ಲಿ. ಆ ಹಿರಿಯರಿಗೆ ಇದನ್ನು ವಿವರಿಸುವಷ್ಟರಲ್ಲಿ ಎರಡು ಲೋಟ ಚಹಾ ಮುಗಿದಿತ್ತು, ಪೂರ್ತಿ ನಂಬಿದರೋ ಇಲ್ಲವೋ ಇಂದಿಗೂ ನನಗೆ ಸಂಶಯ.

ಕೊಂಡ ಯಂತ್ರ ಎಂದ ಮಾತ್ರಕ್ಕೆ ಅದು ಆಟಿಕೆಯಾಗಿರಲಿಲ್ಲ. ರೋಲೆಕ್ಸ್ ಸಬ್‌ಮರೀನರ್ ಬಂದದ್ದು 1953ರಲ್ಲಿ, ಮರುವರ್ಷವೇ ಟ್ಯೂಡರ್ ಸಬ್‌ಮರೀನರ್ ಬಂತು, ಮತ್ತು ಫ್ರಾನ್ಸಿನ ನೌಕಾಪಡೆ ದಶಕಗಳ ಕಾಲ ತನ್ನ ಮುಳುಗುಗಾರರಿಗೆ ಕೊಟ್ಟದ್ದು ಈ ಟ್ಯೂಡರ್ ಅನ್ನು. ನೌಕಾಪಡೆಗೆ ಹೋಗುವ ಗಡಿಯಾರಗಳು ಚೈನಿಲ್ಲದೆ ಹೋಗುತ್ತಿದ್ದುದರಿಂದ, ಅಲ್ಲಿನ ಕೆಲವರು ಪ್ಯಾರಾಚೂಟಿನ ಎಲಾಸ್ಟಿಕ್ ಪಟ್ಟಿಯನ್ನೇ ಬೆಲ್ಟು ಮಾಡಿ ಕಟ್ಟಿಕೊಂಡಿದ್ದರು. ನೀವು ನೋಡಿದ ಗಡಿಯಾರದ ಗಂಟೆಯ ಮುಳ್ಳಿನ ತುದಿಯಲ್ಲಿ ಒಂದು ಚೌಕವಿರುವುದನ್ನು ಗಮನಿಸಿರುತ್ತೀರಿ. ‘ಸ್ನೋಫ್ಲೇಕ್’ ಎಂದು ಕರೆಯುವ ಆ ಮುಳ್ಳು 1969ರಲ್ಲಿ ಬಂದದ್ದು. ಅದು ರೋಲೆಕ್ಸ್‌ನಲ್ಲಿ ಎಂದೂ ಇರಲಿಲ್ಲ.

ಈಗ ಇಂದಿನ ಮಾತು. 2015ರಲ್ಲಿ ನಾರ್ತ್ ಫ್ಲ್ಯಾಗ್ ಎಂಬ ಮಾದರಿಯೊಂದಿಗೆ ಟ್ಯೂಡರ್ ತನ್ನದೇ ಯಂತ್ರವನ್ನು ಹೊರತಂದಿತು. ಅದರ ಮರುವರ್ಷ ಕೆನಿಸ್ಸಿ ಎಂಬ ಯಂತ್ರ ತಯಾರಿಕೆಯ ಕಂಪನಿಯನ್ನು ಕಟ್ಟಿತು. ಅದರಲ್ಲಿ ಫ್ಯಾಷನ್ ಕಂಪನಿಯಾದ ಶನೆಲ್‌ಗೆ ಶೇಕಡಾ 20 ಪಾಲಿದೆ, ಬ್ರೈಟ್ಲಿಂಗ್‌ನಂಥ ಹೆಸರಾಂತ ಕಂಪನಿಗಳೂ ಅಲ್ಲಿಂದ ಯಂತ್ರ ಪಡೆಯುತ್ತವೆ. ಅಂದರೆ ಒಂದು ಕಾಲಕ್ಕೆ ಹೊರಗಿನಿಂದ ಯಂತ್ರ ತರುತ್ತಿದ್ದ ಮನೆ ಈಗ ಹೊರಗಿನವರಿಗೆ ಯಂತ್ರ ಕೊಡುತ್ತಿದೆ. ನಿಮ್ಮ ಸಹೋದ್ಯೋಗಿಯ ತಿಳಿವಳಿಕೆ ಹತ್ತು ವರ್ಷ ಹಿಂದೆ ಬಿದ್ದಿದೆ ಎನ್ನುವುದು ಇದಕ್ಕಾಗಿ. ಜನತಾ ಗಡಿಯಾರಕ್ಕಿಂತಲೂ ಹೆಚ್ಚು!

ನೀವು ಕೇಳಿದ ಎರಡನ್ನೇ ಎದುರುಬದುರು ಇಡೋಣ. ಫಿಫ್ಟಿ ಎಯ್ಟ್ ಒಳಗಿನ ಎಂಟಿ5402 ಯಂತ್ರವೂ ಸಬ್‌ಮರೀನರ್ ಒಳಗಿನ 3230 ಯಂತ್ರವೂ ಒಮ್ಮೆ ಪೂರ್ತಿ ಸುತ್ತಿಕೊಂಡರೆ ಸುಮಾರು 70 ಗಂಟೆ ನಡೆಯುತ್ತವೆ. ಶುಕ್ರವಾರ ಸಂಜೆ ಬಿಚ್ಚಿಟ್ಟದ್ದನ್ನು ಸೋಮವಾರ ಬೆಳಿಗ್ಗೆ ಹಾಗೆಯೇ ಕಟ್ಟಿಕೊಳ್ಳಬಹುದು. ಎರಡೂ ಸ್ವಿಸ್ ಕ್ರೊನೊಮೀಟರ್ ಪರೀಕ್ಷೆಯಲ್ಲಿ ಉತ್ತೀರ್ಣವಾದವು. ಆ ಪರೀಕ್ಷೆ ದಿನಕ್ಕೆ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗುವುದನ್ನು ಒಪ್ಪುತ್ತದೆ, ಮತ್ತು ಅದನ್ನು ಕೇಸಿನೊಳಗೆ ಕೂರಿಸದ ಬರಿಯ ಯಂತ್ರದ ಮೇಲೆ ಮಾಡುತ್ತಾರೆ. ಆಮೇಲೆ ಪೂರ್ತಿ ಜೋಡಿಸಿದ ಗಡಿಯಾರಕ್ಕೆ ರೋಲೆಕ್ಸ್ ಇಟ್ಟುಕೊಂಡಿರುವ ಮಿತಿ ಹಿಂದಕ್ಕೂ ಮುಂದಕ್ಕೂ 2 ಸೆಕೆಂಡು. ಟ್ಯೂಡರ್‌ನದು ಹಿಂದಕ್ಕೆ 2, ಮುಂದಕ್ಕೆ 4. ಹೇರ್‌ಸ್ಪ್ರಿಂಗ್, ಅಂದರೆ ಗಡಿಯಾರದ ಮಿಡಿತ ಕಾಯುವ ಕೂದಲೆಳೆಯಂಥ ಸ್ಪ್ರಿಂಗ್, ರೋಲೆಕ್ಸ್‌ನಲ್ಲಿ ನಯೋಬಿಯಮ್ ಮತ್ತು ಜಿರ್ಕೋನಿಯಮ್ ಬೆರೆಸಿದ ನೀಲಿ ಬಣ್ಣದ ಲೋಹದ್ದು, ಟ್ಯೂಡರ್‌ನಲ್ಲಿ ಸಿಲಿಕಾನ್‌ನದು. ಎರಡಕ್ಕೂ ಅಯಸ್ಕಾಂತದ ಕಾಟ ಕಡಿಮೆ, ಎರಡರಲ್ಲೂ ಆ ಸ್ಪ್ರಿಂಗ್‌ನೊಂದಿಗೆ ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರವನ್ನು ಎರಡೂ ಬದಿಯಿಂದ ಹಿಡಿಯುವ ಸೇತುವೆ ಇದೆ. ನನ್ನಂಥವನ ಮೇಜಿನ ಮೇಲೆ ಇವೆರಡರ ನಡುವಿನ ಅಂತರ ಬೆಲೆಯ ಅಂತರದಷ್ಟು ಇಲ್ಲ. ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಮಗಳ ಕಾಲಕ್ಕೆ ಬಾಳುತ್ತದೆಯೇ ಎಂದಿರಿ. ಎರಡೂ ಬಾಳುತ್ತವೆ. ಆದರೆ ಒಂದು ಮಾತು ತಿಳಿದಿರಲಿ: ಹಳೆಯ ಇಟಿಎ ಯಂತ್ರದ ಗಡಿಯಾರವನ್ನು ಊರಿನ ಯಾವ ಒಳ್ಳೆಯ ಕೈಯಾದರೂ ಬಿಚ್ಚಿ ಜೋಡಿಸಬಹುದಿತ್ತು, ಬಿಡಿಭಾಗ ಎಲ್ಲಾದರೂ ಸಿಗುತ್ತಿತ್ತು. ಇಂದಿನ ಸ್ವಂತ ಯಂತ್ರಗಳ ಬಿಡಿಭಾಗ ಬೀದಿ ಅಂಗಡಿಯವರಿಗೆ ಸಿಗುವುದಿಲ್ಲ. ಯಾವುದನ್ನು ಕೊಂಡರೂ ಸರ್ವಿಸಿಗೆ ಕಂಪನಿಯ ಬಾಗಿಲಿಗೇ ಹೋಗಬೇಕು, ಅಲ್ಲಿ ಕೇಳಿದಷ್ಟು ಕೊಡಬೇಕು. ಆ ಮಟ್ಟಿಗೆ ನಿಮ್ಮ ಜನತಾ ಇವೆರಡಕ್ಕಿಂತಲೂ ಸ್ವತಂತ್ರ ಜೀವಿ. ಅದನ್ನು ಮೂಲೆಗೆ ಹಾಕಬೇಡಿ. ನಾಲ್ಕೈದು ನಿಮಿಷ ಹಿಂದೆ ಬೀಳುವುದು ಬಹುಪಾಲು ಒಣಗಿದ ಎಣ್ಣೆಯ ಲಕ್ಷಣ, ಬಿಚ್ಚಿ ತೊಳೆದು ಎಣ್ಣೆ ಹಾಕಿದರೆ ಸರಿಹೋಗುವ ಸಾಧ್ಯತೆ ಹೆಚ್ಚು.

ಕಡಲಾಚೆ

ನಾನು ಉಡುಪಿಯವನು, ಹದಿನೈದು ವರ್ಷಗಳಿಂದ ದುಬೈಯಲ್ಲಿದ್ದೇನೆ. ನೀವು ಕೇಳಿದ ಎರಡೂ ಗಡಿಯಾರಗಳು ನನ್ನ ಬಳಿ ಇವೆ. ಹೆಮ್ಮೆಗೆ ಹೇಳುತ್ತಿಲ್ಲ, ಒಂದು ನನ್ನದು, ಒಂದು ಮದುವೆಯ ಇಪ್ಪತ್ತನೆಯ ವರ್ಷಕ್ಕೆ ಹೆಂಡತಿ ಕೊಡಿಸಿದ್ದು. ಮೂರನೆಯ ಮುಳ್ಳು ಅವರು ಒಳಗಿನದನ್ನು ಹೇಳಿದ್ದಾರೆ. ಕೈಯಲ್ಲಿ ಕಟ್ಟಿಕೊಳ್ಳುವವನಿಗೆ ದಿನಾ ಕಾಣುವುದು ಹೊರಗಿನದು, ವ್ಯತ್ಯಾಸ ಇರುವುದೂ ಅಲ್ಲಿಯೇ ಎಂಬುದು ನನ್ನ ಅನುಭವ.

ಕೊಂಡಿಯಿಂದ, ಅಂದರೆ ಚೈನನ್ನು ಕೈಗೆ ಬಿಗಿಯುವ ಬೀಗದಿಂದ ಶುರುಮಾಡುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಬೆಲೆಯ ವ್ಯತ್ಯಾಸದ ದೊಡ್ಡ ಪಾಲು ಅಲ್ಲಿದೆ. ಇಲ್ಲಿ ಜೂನ್, ಜುಲೈ ತಿಂಗಳಲ್ಲಿ ಕಾರಿನಿಂದ ಇಳಿದು ಕಚೇರಿಯ ಬಾಗಿಲು ಸೇರುವಷ್ಟರಲ್ಲಿ ಮಣಿಕಟ್ಟು ಉಬ್ಬುತ್ತದೆ, ಹವಾನಿಯಂತ್ರಣದ ಒಳಗೆ ಅರ್ಧ ಗಂಟೆ ಕುಳಿತರೆ ಮತ್ತೆ ಇಳಿಯುತ್ತದೆ. ಸಬ್‌ಮರೀನರ್‌ನ ಕೊಂಡಿಯ ಒಳಗೆ ಹಲ್ಲಿನ ಸಾಲೊಂದಿದೆ. ಯಾವ ಸಾಧನವೂ ಇಲ್ಲದೆ, ಬೆರಳಿನಿಂದ ಎತ್ತಿ ಸರಿಸಿದರೆ 2 ಮಿಲಿಮೀಟರಿನಂತೆ ಒಟ್ಟು 20 ಮಿಲಿಮೀಟರ್‌ವರೆಗೆ ಚೈನು ಉದ್ದವಾಗುತ್ತದೆ. ನನ್ನ ಫಿಫ್ಟಿ ಎಯ್ಟ್‌ನಲ್ಲಿ ಕೊಂಡಿಯ ಬದಿಗೆ ಮೂರು ಸಣ್ಣ ತೂತುಗಳಿವೆ ಅಷ್ಟೆ. ಸೂಜಿಯಂಥ ಮೊನೆಯಿಂದ ಒತ್ತಿ ಪಿನ್ನನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಸರಿಸಬೇಕು. ಮಧ್ಯಾಹ್ನದ ಸೆಖೆಯಲ್ಲಿ ಅದನ್ನು ಮಾಡುವ ತಾಳ್ಮೆ ಯಾರಿಗಿದೆ? ಟ್ಯೂಡರ್‌ಗೂ ಇದು ಗೊತ್ತಾಗಿ, ಟಿ-ಫಿಟ್ ಎಂಬ ಕೊಂಡಿಯನ್ನು ತಂದಿದೆ. ಅದರಲ್ಲಿ ಸಾಧನವಿಲ್ಲದೆಯೇ 8 ಮಿಲಿಮೀಟರ್ ಹೊಂದಿಸಬಹುದು. 2023ರಲ್ಲಿ ಬಂದ ಬ್ಲ್ಯಾಕ್ ಬೇ ಫಿಫ್ಟಿ ಫೋರ್‌ನಲ್ಲಿ ಅದಿದೆ. ಅಂಗಡಿಗೆ ಮತ್ತೊಮ್ಮೆ ಹೋದಾಗ ಡಯಲ್ ನೋಡುವ ಮೊದಲು ಕೊಂಡಿಯನ್ನು ತಿರುಗಿಸಿ ನೋಡಿ.

ಎರಡನೆಯದು ಬೆಜೆಲ್, ಅಂದರೆ ಗಾಜಿನ ಸುತ್ತ ತಿರುಗುವ ಬಳೆ. ಸಬ್‌ಮರೀನರ್‌ನದು ಸೆರಾಮಿಕ್, ಅಂಕಿಗಳನ್ನು ಅದರೊಳಗೆ ತಗ್ಗಿಸಿ ಪ್ಲಾಟಿನಮ್ ಪದರ ಕೂರಿಸಿರುತ್ತಾರೆ. ಬಿಸಿಲಿಗೆ ಅದು ಮಾಸುವುದಿಲ್ಲ, ಸುಲಭಕ್ಕೆ ಗೀರು ಬೀಳುವುದಿಲ್ಲ. ಫಿಫ್ಟಿ ಎಯ್ಟ್‌ನದು ಅಲ್ಯೂಮಿನಿಯಮ್. ನನ್ನದರ ಮೇಲೆ ಹದಿನೈದರ ಗುರುತಿನ ಪಕ್ಕ, ಅಡುಗೆಮನೆಯ ಗ್ರಾನೈಟಿಗೆ ತಾಗಿ ಆದ ಒಂದು ಗೀರಿದೆ. ಸಬ್‌ಮರೀನರ್‌ನ ಬಳೆ ಒಂದು ಸುತ್ತಿಗೆ 120 ಸಲ ಕ್ಲಿಕ್ ಎನ್ನುತ್ತದೆ, ಟ್ಯೂಡರ್‌ನದು 60 ಸಲ. ಕಣ್ಣು ಮುಚ್ಚಿಕೊಂಡು ತಿರುಗಿಸಿದರೂ ಯಾವುದು ಯಾವುದೆಂದು ನಾನು ಹೇಳಬಲ್ಲೆ: ಒಂದು ಬೆಣ್ಣೆಯಲ್ಲಿ ಸಾಗಿದಂತೆ, ಇನ್ನೊಂದು ಹಳೆಯ ಕಬ್ಬಿಣದ ತಿಜೋರಿಯ ಗುಂಡಿಯಂತೆ. ಎರಡನೆಯದೇ ನನಗೆ ಹೆಚ್ಚು ಇಷ್ಟ ಎಂದರೆ ನಗಬೇಡಿ.

ಉಕ್ಕಿನ ವಿಷಯದಲ್ಲಿ ಬಹಳ ಮಾತು ಕೇಳಿರುತ್ತೀರಿ. ರೋಲೆಕ್ಸ್ ಬಳಸುವುದು 904ಎಲ್ ಎಂಬ ಜಾತಿಯ ಉಕ್ಕನ್ನು, ಟ್ಯೂಡರ್ ಬಳಸುವುದು ಉಳಿದ ಬಹುಪಾಲು ಕಂಪನಿಗಳು ಬಳಸುವ 316ಎಲ್ ಅನ್ನು. ಮೊದಲನೆಯದು ಉಪ್ಪುನೀರಿನ ಸವೆತವನ್ನು ಹೆಚ್ಚು ತಡೆಯುತ್ತದೆ, ಮೆರುಗೂ ಸ್ವಲ್ಪ ಬೇರೆ. ಆದರೆ ಮಲ್ಪೆಯ ಕಡಲಲ್ಲೂ ಇಲ್ಲಿಯ ಕಡಲಲ್ಲೂ ಎರಡನ್ನೂ ಮುಳುಗಿಸಿದ್ದೇನೆ, ಮನೆಗೆ ಬಂದು ನಲ್ಲಿಯ ನೀರಿನಲ್ಲಿ ತೊಳೆದಿದ್ದೇನೆ. 316ಎಲ್‌ಗೆ ಏನೂ ಆಗಿಲ್ಲ. ಒಂದು 300 ಮೀಟರ್ ಆಳಕ್ಕೆ, ಇನ್ನೊಂದು 200 ಮೀಟರ್ ಆಳಕ್ಕೆ ಎಂದು ಬರೆದಿರುತ್ತದೆ. ನಾನು ಇಳಿದದ್ದು ಎದೆಮಟ್ಟಕ್ಕೆ.

ಅಳತೆಯಲ್ಲಿ ಟ್ಯೂಡರ್ ಗೆಲ್ಲುತ್ತದೆ. ಫಿಫ್ಟಿ ಎಯ್ಟ್ 39 ಮಿಲಿಮೀಟರ್ ಅಗಲ, 11.9 ಮಿಲಿಮೀಟರ್ ದಪ್ಪ. ಈಗಿನ ಸಬ್‌ಮರೀನರ್ 41 ಮಿಲಿಮೀಟರ್, ದಪ್ಪವೂ ಸ್ವಲ್ಪ ಹೆಚ್ಚು. ಕಾಗದದ ಮೇಲೆ ಇದು ಏನೂ ಅಲ್ಲ, ಆದರೆ ಅಂಗಿಯ ತೋಳಿನ ಗುಂಡಿ ಹಾಕುವಾಗ ತಿಳಿಯುತ್ತದೆ. ತೆಳು ಮಣಿಕಟ್ಟಿನವರಿಗೆ 37 ಮಿಲಿಮೀಟರಿನ ಫಿಫ್ಟಿ ಫೋರ್ ಇನ್ನೂ ಚೆನ್ನಾಗಿ ಕೂರುತ್ತದೆ, ನಿಮ್ಮ ಜನತಾದ ಅಳತೆಗೂ ಅದು ಹತ್ತಿರ.

ಟ್ಯೂಡರ್ ಬಗ್ಗೆ ನನ್ನದೊಂದು ತಕರಾರೂ ಇದೆ. ಚೈನಿನ ಬದಿಗಳಲ್ಲಿ ಮೊಳೆ ಹೊಡೆದಂತೆ ಕಾಣುವ ಗುಂಡುತಲೆಗಳಿವೆ. 1950ರ ದಶಕದ ಚೈನುಗಳಲ್ಲಿ ಅವು ನಿಜವಾಗಿ ಚೈನಿನ ತುಂಡುಗಳನ್ನು ಹಿಡಿದಿಡುತ್ತಿದ್ದವು. ಈಗಿನವು ಬರಿಯ ಅಲಂಕಾರ, ಕೆಲಸ ಮಾಡುವುದು ಒಳಗಿನ ಸ್ಕ್ರೂ. ಇಲ್ಲದ ಮೊಳೆಯನ್ನು ಇರುವಂತೆ ತೋರಿಸುವ ಅಗತ್ಯ ಈ ಕಂಪನಿಗೆ ಏನಿತ್ತೋ ನನಗೆ ತಿಳಿಯದು. ರೋಲೆಕ್ಸ್ ಇಂಥದ್ದನ್ನು ಮಾಡುವುದಿಲ್ಲ.

ಬಯಲುಸೀಮೆ

ಮೇಲಿನ ಇಬ್ಬರೂ ಹೇಳಿದ್ದು ಸರಿಯಿರಬಹುದು, ಆದರೆ ನಾನು ಅಡ್ಡಮಾತನ್ನೇ ಆಡುತ್ತೇನೆ. ಐದು ವರ್ಷಗಳ ಹಿಂದೆ ನಿಮ್ಮ ಜಾಗದಲ್ಲಿ ನಾನಿದ್ದೆ. ಬೇಕಾಗಿದ್ದದ್ದು ಸಬ್‌ಮರೀನರ್, ಕೊಂಡದ್ದು ಬ್ಲ್ಯಾಕ್ ಬೇ. ಗಡಿಯಾರದಲ್ಲಿ ಒಂದು ಕೊರತೆಯನ್ನೂ ನಾನು ಹೇಳಲಾರೆ. ದಿನಕ್ಕೆ ಎರಡು ಸೆಕೆಂಡು ಮುಂದೆ ಹೋಗುತ್ತದೆ, ಅಷ್ಟೇ. ಆದರೂ ಸಮಯ ನೋಡಿದಾಗಲೆಲ್ಲ ಅದು ಯಾವುದಲ್ಲವೋ ಅದೇ ನೆನಪಾಗುತ್ತಿತ್ತು. ಎರಡು ವರ್ಷಕ್ಕೆ ನಷ್ಟದಲ್ಲಿ ಮಾರಿ, ಮತ್ತೆ ಹಣ ಸೇರಿಸಿ, ಹೆಸರು ಬರೆಸಿ ಕಾಯುತ್ತಿದ್ದೇನೆ. ಮನಸ್ಸಿನಲ್ಲಿ ಕಿರೀಟವೇ ಇದ್ದರೆ ಗುರಾಣಿ ಅದನ್ನು ಮರೆಸುವುದಿಲ್ಲ. ತಮಗೆ ನಿಜವಾಗಿ ಯಾವುದು ಬೇಕೆಂದು ತಾವೇ ಕೇಳಿಕೊಳ್ಳಿ. ಟ್ಯೂಡರ್ ತಮಗೆ ಟ್ಯೂಡರ್ ಆಗಿಯೇ ಹಿಡಿಸಿದ್ದರೆ ಕೊಳ್ಳಿ, ಸಮಾಧಾನಕ್ಕಾಗಿ ಕೊಳ್ಳಬೇಡಿ.

ಜಮಾಖರ್ಚು

ಲೆಕ್ಕಪರಿಶೋಧಕನಾಗಿ ನಾಲ್ಕು ಮಾತು ಸೇರಿಸುತ್ತೇನೆ, ಏಕೆಂದರೆ ಇಂಥ ಚರ್ಚೆಯಲ್ಲಿ ‘ರೋಲೆಕ್ಸ್ ಎಂದರೆ ಹೂಡಿಕೆ’ ಎಂಬ ಮಾತು ಇನ್ನೇನು ಬರುವುದರಲ್ಲಿದೆ.

ಉಕ್ಕಿನ ರೋಲೆಕ್ಸ್ ಮಾದರಿಗಳಲ್ಲಿ ಹಲವು, ಅಂಗಡಿಯ ಬೆಲೆಗಿಂತ ಹೆಚ್ಚಿಗೆ ಕೈಬದಲಾಗುತ್ತವೆ ಎಂಬುದು ನಿಜ. ಟ್ಯೂಡರ್ ಸಾಮಾನ್ಯವಾಗಿ ಮಳಿಗೆಯ ಹೊಸ್ತಿಲು ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತದೆ. ಬಯಲುಸೀಮೆ ಅವರಿಗೆ ಆದದ್ದು ಅದೇ. ಆದರೆ 2022ರ ಆರಂಭದಲ್ಲಿ ಉತ್ತುಂಗಕ್ಕೇರಿದ ಮರುಮಾರಾಟದ ಬೆಲೆಗಳು ಆಮೇಲೆ ಹೇಗೆ ಇಳಿದವು ಎಂಬುದನ್ನು, ಆ ಉತ್ತುಂಗದಲ್ಲಿ ಕೊಂಡವರನ್ನು ಕೇಳಿ ತಿಳಿಯಬೇಕು. ಅದೂ ಅಲ್ಲದೆ, ಮಗಳಿಗೆ ಕೊಡುವುದಾದರೆ ಮಾರುವ ಬೆಲೆ ಕಟ್ಟಿಕೊಂಡು ಏನು ಪ್ರಯೋಜನ? ಏರುವ ಬೆಲೆಯೇ ಬೇಕಿದ್ದರೆ ಚಿನ್ನ ಇದೆ, ಅದಕ್ಕೆ ಸರ್ವಿಸ್ ಖರ್ಚೂ ಇಲ್ಲ. ಈ ಗಡಿಯಾರಗಳನ್ನಾದರೋ ಸುಮಾರು ಹತ್ತು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಬೇಕು. ಐದು ವರ್ಷದ ವಾರಂಟಿ ಎರಡಕ್ಕೂ ಇದೆ, ಆ ವಿಷಯದಲ್ಲಿ ಅಣ್ಣತಮ್ಮಂದಿರಲ್ಲಿ ಭೇದವಿಲ್ಲ.

ಕಾಗದಪತ್ರದ ವಿಷಯ. ಎರಡು ಲಕ್ಷ ರೂಪಾಯಿ ಮೀರಿದ ಖರೀದಿಗೆ ಪ್ಯಾನ್ ಕೊಡಬೇಕಾಗುತ್ತದೆ, ಆ ಮೊತ್ತವನ್ನು ನಗದಾಗಿ ಕೊಡುವಂತಿಲ್ಲ. 2025ರ ಏಪ್ರಿಲ್‌ನಿಂದ ಹತ್ತು ಲಕ್ಷ ಮೀರಿದ ಕೈಗಡಿಯಾರಕ್ಕೆ ಅಂಗಡಿಯವರು ಶೇಕಡಾ 1ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ಸಂಗ್ರಹಿಸುತ್ತಾರೆ. ಅದು ಹೋದ ಹಣವಲ್ಲ, ನಿಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಭಾರತವು ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ದೇಶಗಳ ಕೂಟದೊಂದಿಗೆ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಸ್ವಿಸ್ ಗಡಿಯಾರಗಳ ಮೇಲಿನ ಆಮದು ಸುಂಕ ಹಂತಹಂತವಾಗಿ ಇಳಿಯಬೇಕಿದೆ. ಸುಂಕ ಇಳಿದಷ್ಟೇ ಅಂಗಡಿಯ ಬೆಲೆಯೂ ಇಳಿಯುತ್ತದೆ ಎಂದು ಕಾಯುತ್ತ ಕೂರುವುದು ಬೇಡ. ಕಂಪನಿಗಳು ವರ್ಷ ವರ್ಷ ಬೆಲೆ ಏರಿಸುತ್ತಲೇ ಇರುತ್ತವೆ.

ದುಬೈಯಿಂದ ಯಾರಾದರೂ ಕೈಗೆ ಕಟ್ಟಿಕೊಂಡು ತಂದುಕೊಡಲಿ ಎಂಬ ಯೋಚನೆ ಇದ್ದರೆ, ವಿಮಾನ ನಿಲ್ದಾಣದ ಕೆಂಪು ದಾರಿಯಲ್ಲಿ ನಡೆದು ಸುಂಕ ಕಟ್ಟಿಯೇ ತರಿಸಿ. ಕಡಲಾಚೆ ಅವರು ಬೇಸರಿಸಬಾರದು, ಇದು ಅವರಿಗೆ ಹೇಳಿದ ಮಾತಲ್ಲ.

ಮೂರನೆಯ ಮುಳ್ಳು

ಬಯಲುಸೀಮೆ ಅವರೇ, ನಿಮ್ಮ ಮಾತನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ನೀವು ಟ್ಯೂಡರ್ ಅನ್ನು ಸಬ್‌ಮರೀನರ್‌ನ ಬದಲಿಗೆ ಕೊಂಡಿರಿ. ಆದರೆ ಫಿಫ್ಟಿ ಎಯ್ಟ್ ಈಗಿನ ಸಬ್‌ಮರೀನರ್‌ನ ನಕಲಲ್ಲ. ಅದರ ಹೆಸರಿನಲ್ಲಿರುವ 58 ಎಂದರೆ 1958. ಆ ವರ್ಷದ ಟ್ಯೂಡರ್ ಸಬ್‌ಮರೀನರ್ ಮಾದರಿಯೇ ಆ ಕಂಪನಿಯಲ್ಲಿ 200 ಮೀಟರ್ ಆಳಕ್ಕೆ ತಾಳುವ ಮೊದಲನೆಯದು. ರೋಲೆಕ್ಸ್ ತನ್ನ ಸಬ್‌ಮರೀನರ್ ಅನ್ನು ವರ್ಷದಿಂದ ವರ್ಷಕ್ಕೆ ತಿದ್ದುತ್ತ, ಸೆರಾಮಿಕ್ ಬಳೆ, ಬಿಳಿ ಚಿನ್ನದ ಗುರುತು ಎಂದು ಮೇಲೇರಿಸುತ್ತ ಹೋಯಿತು. ಹಳೆಯ ಕಾಲದ ಸಣ್ಣ ಅಳತೆ, ಬಂಗಾರದ ಬಣ್ಣದ ಅಕ್ಷರ, ಅಲ್ಯೂಮಿನಿಯಮ್ ಬಳೆ, ಇವೆಲ್ಲ ಉಳಿದದ್ದು ತಮ್ಮನ ಮನೆಯಲ್ಲಿ. 1950ರ ದಶಕದ ಸಬ್‌ಮರೀನರ್‌ಗೆ ಯಾವುದು ಹೆಚ್ಚು ಹತ್ತಿರ ಎಂದು ಕೇಳಿದರೆ, ನಾನು ಟ್ಯೂಡರ್ ಕಡೆಗೇ ಕೈ ತೋರಿಸುತ್ತೇನೆ.

ಕಡಲಾಚೆ ಅವರ ಮೊಳೆಯ ತಕರಾರನ್ನೂ ಒಪ್ಪಿದೆ. ಅದಕ್ಕೆ ನನ್ನ ಬಳಿ ಸಮರ್ಥನೆಯಿಲ್ಲ.

ತುಂಗಾತೀರ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಬಯಲುಸೀಮೆ ಅವರ ಮಾತು ಎರಡು ದಿನ ನಿದ್ದೆ ಕೆಡಿಸಿತು ಎಂದು ಒಪ್ಪಿಕೊಳ್ಳುತ್ತೇನೆ.

ನಿನ್ನೆ ಮಗಳನ್ನು ಕರೆದುಕೊಂಡು ಮತ್ತೆ ಅದೇ ಮಳಿಗೆಗೆ ಹೋದೆ. ಕಡಲಾಚೆ ಅವರು ಹೇಳಿದಂತೆ ಡಯಲ್ ನೋಡುವ ಮೊದಲು ಕೊಂಡಿಯನ್ನು ತಿರುಗಿಸಿ ನೋಡಿದೆ. ಮಾರಾಟದ ಹುಡುಗನಿಗೆ ನನ್ನ ಮೇಲೆ ಗೌರವ ಸ್ವಲ್ಪ ಹೆಚ್ಚಾದಂತೆ ಕಂಡಿತು. ಫಿಫ್ಟಿ ಎಯ್ಟ್ ಮತ್ತು ಫಿಫ್ಟಿ ಫೋರ್ ಎರಡನ್ನೂ ಒಂದೊಂದು ಕೈಗೆ ಕಟ್ಟಿಕೊಂಡು ಕಿಟಕಿಯ ಬೆಳಕಿನಲ್ಲಿ ನಿಂತೆ. ಗಾಜಿನೊಳಗಿನ ಸಬ್‌ಮರೀನರ್ ಅನ್ನೂ ಬಹಳ ಹೊತ್ತು ನೋಡಿದೆ. ಚೆಂದದ ವಸ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನನ್ನ ಕೈಯಲ್ಲಿರುವಂತೆ ಕಲ್ಪಿಸಿಕೊಂಡರೆ, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವಾಗ ತೋಳನ್ನು ಕೆಳಗೆ ಎಳೆದುಕೊಳ್ಳುವ ನಾನೇ ಕಣ್ಣಿಗೆ ಬಂದೆ. ಫಿಫ್ಟಿ ಫೋರ್ ಕಟ್ಟಿಕೊಂಡಾಗ ಹಾಗೆ ಅನಿಸಲಿಲ್ಲ. ಮಗಳು ಅದನ್ನು ತನ್ನ ಕೈಗೆ ಹಾಕಿಕೊಂಡು, ಚೈನಿನ ಎರಡು ತುಂಡು ತೆಗೆದರೆ ತನಗೂ ಸರಿಹೋಗುತ್ತದೆ ಎಂದಳು. ನಾನು ಐವತ್ತು ತುಂಬುವುದರೊಳಗೇ ಕೊಟ್ಟುಬಿಡಬೇಕೇನೋ ಎಂಬ ಸಂಶಯ ಈಗ ಬಂದಿದೆ.

ಮುಂಗಡ ಕೊಟ್ಟು ಬಂದಿದ್ದೇನೆ, ಪ್ಯಾನ್ ಸಮೇತ. ಒಂದು ಸಣ್ಣ ಪ್ರಶ್ನೆ ಉಳಿದಿದೆ: ಚೈನಿನಿಂದ ತೆಗೆಯುವ ತುಂಡುಗಳನ್ನು ಕೊಂಡಿಯ ಎರಡೂ ಬದಿಯಿಂದ ಸಮವಾಗಿ ತೆಗೆಸಬೇಕೇ, ಅಥವಾ ಕೆಳಬದಿಯಿಂದ ಒಂದು ಹೆಚ್ಚಿಗೆ ತೆಗೆಸಿದರೆ ಗಡಿಯಾರ ಮಣಿಕಟ್ಟಿನ ನಡುವೆ ಸರಿಯಾಗಿ ಕೂರುತ್ತದೆಯೇ? ಮೂರನೆಯ ಮುಳ್ಳು ಅವರೇ, ಶನಿವಾರ ಮೈಸೂರಿಗೆ ಬರುವುದಿದೆ. ಜನತಾವನ್ನೂ ಜೇಬಿನಲ್ಲಿ ತರುತ್ತೇನೆ.

ಮೂರನೆಯ ಮುಳ್ಳು

ಆರು ಗಂಟೆಯ ಬದಿಯಿಂದ ಒಂದು ಹೆಚ್ಚಿಗೆ ತೆಗೆಸಿ, ಆಗ ಕೊಂಡಿ ಮಣಿಕಟ್ಟಿನ ಅಡಿಗೆ ನಡುವೆ ಬರುತ್ತದೆ. ತೆಗೆದ ತುಂಡುಗಳನ್ನು ಡಬ್ಬಿಯಲ್ಲೇ ಬಿಟ್ಟುಬಿಡದೆ ಬೇರೆ ಕಾಗದದಲ್ಲಿ ಸುತ್ತಿ, ಬಿಲ್ಲಿನ ಜೊತೆ ಇಡಿ. ಶನಿವಾರ ಹನ್ನೊಂದರ ಮೇಲೆ ಬನ್ನಿ, ಅದಕ್ಕೆ ಮುಂಚೆ ಕರೆಂಟು ಇರುವುದಿಲ್ಲ.